ಬಾಡಿದ ಬಳ್ಳಿಗೆ ಸಾಲದ ಔಷಧಿ

ಕಲ್ಲಂಗಡಿ ಕಾಯಿ ಕಚ್ಚುವ ಹೊತ್ತಿಗೆ ಬಳ್ಳಿಯ ಒಂದು ಕವಲು ಬಾಡುತ್ತದೆ, ಆಮೇಲೆ ಬಳ್ಳಿಯೇ ಮಲಗುತ್ತದೆ. ಔಷಧಿ ಅಂಗಡಿಯವನು ‘ಇದನ್ನ ಹೊಡೀರಿ, ದುಡ್ಡು ಬೆಳೆ ಬಂದ ಮೇಲೆ ಕೊಡಿ’ ಅಂತಾನೆ. ಯಾವ ಬೆಳೆ ಸ್ವಾಮಿ?

ಮೊದಲು ಬುಡ ಸೀಳಿ ನೋಡಿ. ಒಳಗಿನ ನಾಳ ಕಂದಾಗಿದ್ದರೆ ಅದು ಫ್ಯುಸೇರಿಯಂ ಸೊರಗು ರೋಗ. ಮಣ್ಣಿನ ಶಿಲೀಂಧ್ರ ಬೇರಿನೊಳಗೆ ಹೊಕ್ಕು ನೀರಿನ ದಾರಿ ಕಟ್ಟಿದೆ. ಎಲೆಗೆ ಹೊಡೆದದ್ದು ಅಲ್ಲಿಗೆ ಮುಟ್ಟೋದಿಲ್ಲ. ಆ ಬಳ್ಳಿ ಹೋಯಿತು. ಕಿತ್ತು ಸುಡಿ, ಸಾಲ ಮಾಡಬೇಡಿ. ಈ ಶಿಲೀಂಧ್ರ 10 ವರ್ಷಕ್ಕೂ ಮಿಕ್ಕಿ ಮಣ್ಣಲ್ಲಿ ಬದುಕುತ್ತೆ. ಕಡಿಮೆಯೆಂದರೂ 5-6 ವರ್ಷ ಅಲ್ಲಿ ಜೋಳವೋ ರಾಗಿಯೋ ಹಾಕಿ.

ಜಪಾನಿನಲ್ಲಿ 1920ರ ದಶಕದಲ್ಲೇ ಸೋರೆ ಬುಡಕ್ಕೆ ಕಲ್ಲಂಗಡಿ ಕಸಿ ಕಟ್ಟಿ ಈ ರೋಗ ತಡೆದರು. ಸಾಲದ ಡಬ್ಬಿ ಮನೆ ಬಾಗಿಲಿಗೆ ಬರುತ್ತೆ, ಆ ಕಸಿ ಸಸಿ ಯಾಕೆ ಬರಲ್ಲ? ತೋಟಗಾರಿಕೆ ಇಲಾಖೆಯವರು ಊರಿಗೆ ಬಂದಾಗ ನಿಲ್ಲಿಸಿ ಕೇಳಿ.