ಬೆಳಗಿನ ಸಿಹಿ, ಸಂಜೆಯ ಹುಳಿ

"ಹಜರತ್, ಅನಮೋಡದಿಂದ ನೆಂಟರು ಒಂದು ಬಾಟಲಿ ಬೈನೆ ಮರದ ರಸ ತಂದಿದ್ದಾರೆ. ಹೆಂಡದ ಮರವಲ್ಲವೇ ಅದು? ಮಕ್ಕಳಿಗೆ ಕೊಡಬಹುದೇ?" ಎಂದು ಹಳಿಯಾಳದ ತಾಯಿಯೊಬ್ಬರು ಫೋನಿನಲ್ಲಿ ಕೇಳಿದರು. "ಮರದಿಂದ ಇಳಿಸಿ ಎಷ್ಟು ಹೊತ್ತಾಯಿತು?" ಎಂದು ನಾನು ಮರುಪ್ರಶ್ನೆ ಹಾಕಿದೆ. ಬಾಟಲಿ ಹಿಡಿದಿದ್ದವರು ವಿಚಾರಿಸಿ ಹೇಳುತ್ತೇನೆಂದರು.

ಸಹೋದರಿಯರೇ, ಮರ ಹರಾಮಲ್ಲ. ಗೋವಾ ಗಡಿಯ ಆ ಘಟ್ಟದ ಕಾಡುಗಳಲ್ಲಿ ಮೀನಿನ ಬಾಲದಂತಹ ಎಲೆಯ, ಜಡೆಯಂತೆ ಹೂಗೊಂಚಲು ಇಳಿಬಿಡುವ ಬೈನೆಯನ್ನು ನೀವೂ ನೋಡಿರಬಹುದು. ಆ ಗೊಂಚಲನ್ನು ಕೊಯ್ದರೆ ಸಿಹಿ ರಸ ತೊಟ್ಟಿಕ್ಕುತ್ತದೆ. ಶ್ರೀಲಂಕಾದವರು ಇದೇ ಮರವನ್ನು ಕಿತುಲ್ ಎನ್ನುತ್ತಾರೆ. ರಸವನ್ನು ಕಾಯಿಸಿ, ಜೇನಿನಂತಹ ಪಾಕ ಮಾಡಿ, ಎಮ್ಮೆಯ ಮೊಸರಿನ ಮೇಲೆ ಸುರಿದು ತಿನ್ನುತ್ತಾರೆ. ಕೆನಡಾದವರು ಮೇಪಲ್ ಮರಕ್ಕೆ ತೂತು ಕೊರೆದು ರಸ ತೆಗೆಯುತ್ತಾರೆ. ಅದರಲ್ಲಿ ಸಕ್ಕರೆ ಶೇಕಡಾ 2ರಷ್ಟೇ. 1 ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು! ತಾಳೆ ಜಾತಿಯ ನಮ್ಮ ಮರಗಳ ರಸ ಅದಕ್ಕಿಂತ ಎಷ್ಟೋ ಪಟ್ಟು ಸಿಹಿ. ಅಲ್ಲಾಹನ ಔದಾರ್ಯ ನೋಡಿ.

ಆದರೆ ಅಲ್ಲಿ ರಸ ಇಳಿಯುವುದು ಚಳಿಗಾಲದ ಕೊನೆಗೆ, ಹಿಮದ ನಡುವೆ. ಬೇಗ ಕೆಡುವುದಿಲ್ಲ. ನಮ್ಮ ಸೆಖೆಯಲ್ಲಿ ಕಣ್ಣಿಗೆ ಕಾಣದ ಯೀಸ್ಟ್ ಕೆಲವೇ ತಾಸುಗಳಲ್ಲಿ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ನೀರಾ ಇಳಿಸುವವರು ಮಡಕೆಯ ಒಳಗೆ ಸುಣ್ಣ ಬಳಿಯುವುದು ಇದನ್ನು ತಡೆಯಲಿಕ್ಕಾಗಿ. ಬೆಲ್ಲ ಮಾಡುವವರು ಅಂದೇ ಸೋಸಿ ಒಲೆಗೇರಿಸುತ್ತಾರೆ. ಹುಳಿತ ರಸವನ್ನು ಎಷ್ಟು ಕಾಯಿಸಿದರೂ ಸರಿಯಾಗಿ ಅಚ್ಚು ಕಟ್ಟುವುದಿಲ್ಲ. ಮಂಗಳೂರು ಕಡೆಯ ಓಲೆಬೆಲ್ಲ, ಗೋವಾದ ತೆಂಗಿನ ಕಪ್ಪು ಬೆಲ್ಲ ಎಲ್ಲವೂ ಇಂತಹ ಮರದ ರಸದ ಪಾಕವೇ. (ಸಕ್ಕರೆ ಕಾಯಿಲೆಯವರಿಗೆ ಇದು ನಿರಪಾಯವೆಂಬ ಮಾತನ್ನು ನಂಬಬೇಡಿ. ಇದೂ ಸಕ್ಕರೆಯೇ.)

ಹೊತ್ತಿನ ಈ ಎಚ್ಚರ ಪ್ರವಾದಿವರ್ಯರ(ಸ) ಮನೆಯಲ್ಲೂ ಇತ್ತು. ಹಣ್ಣು ನೆನೆಸಿದ ನಬೀದ್ ಎಂಬ ಪಾನೀಯವನ್ನು ಬೆಳಿಗ್ಗೆ ಸಿದ್ಧಪಡಿಸಿದರೆ ಸಂಜೆಗೆ, ರಾತ್ರಿ ಸಿದ್ಧಪಡಿಸಿದರೆ ಬೆಳಿಗ್ಗೆ ಅವರು ಕುಡಿಯುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅದೇ ಪಾನೀಯ ಅಮಲು ಬರಿಸುವ ಹಂತಕ್ಕೆ ಬಂದರೆ ನಿಷಿದ್ಧ. ಹೆಚ್ಚು ಕುಡಿದರೆ ಅಮಲೇರಿಸುವುದು ಒಂದು ಗುಟುಕಾದರೂ ನಿಷಿದ್ಧವೆಂಬುದು ತಿರ್ಮಿದಿ, ಅಬೂದಾವೂದ್‌ಗಳ ಹದೀಸಿನ ಸಾರ. ಹಾಗಾಗಿ "ಸ್ವಲ್ಪವೇ ತಾನೇ, ಔಷಧಿಯಂತೆ" ಎಂಬ ಅತ್ತೆಯಂದಿರ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಆ ತಾಯಿ ಮತ್ತೆ ಫೋನ್ ಮಾಡಿದರು. ಇಳಿಸಿದ್ದು ಹಿಂದಿನ ದಿನ ಬೆಳಿಗ್ಗೆಯಂತೆ. ಮುಚ್ಚಳ ತಿರುಗಿಸುತ್ತಲೇ ಬುಸ್ಸೆಂದು ನೊರೆ ಉಕ್ಕಿ, ಹುಳಿ ವಾಸನೆ ಬಂತಂತೆ. ಚೆಲ್ಲಿಬಿಡಿ ಎಂದೆ. ನೆಂಟರಿಗೆ ಬೇಸರವಾದೀತೆಂಬ ಅಳುಕು ಅವರಿಗೆ. ಮುಂದಿನ ಸಲ ಅಲ್ಲೇ ಕಾಯಿಸಿ ಬೆಲ್ಲ ಮಾಡಿ ತರಲು ಹೇಳಿ, ನನಗೂ ಒಂದು ಅಚ್ಚು ಇರಲಿ ಎಂದೆ.