ದೋಸ್ತಿಗೂ ಒಂದು ಲೆಕ್ಕದ ಪುಸ್ತಕ ಬೇಕು

"ಗೆಳೆಯನ ಜೊತೆ ಕೆಲಸ ಮಾಡಿದ್ರೆ ಗೆಳೆತನ ಹೋಗುತ್ತೆ, ಇಲ್ಲಾ ಕೆಲಸ ಹೋಗುತ್ತೆ" ಅಂತ ಹಿರಿಯರು ಹೇಳ್ತಿರ್ತಾರೆ. ನನಗ್ಯಾಕೋ ಈ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಗೆಳೆತನ ಕೆಡೋದು ಜೊತೆಗೆ ಕೆಲಸ ಮಾಡೋದ್ರಿಂದಲ್ಲ. "ನಮ್ಮೋನೇ ಅಲ್ವಾ, ಅರ್ಥ ಮಾಡ್ಕೋತಾನೆ ಬಿಡು" ಅಂತ ಹೇಳಬೇಕಾದ್ದನ್ನ ಹೇಳದೇ ಇರೋದ್ರಿಂದ.

ನಾನು ಚನ್ನಗಿರಿಯವನು. ಬೆಂಗಳೂರಲ್ಲಿ ನನ್ನ ಟೀಮ್ ಲೀಡ್ ಹೊನ್ನಾಳಿ ಹುಡುಗ. ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ರೂಮ್‌ಮೇಟ್, ಈಗಲೂ ಒಂದೇ ಬಾಡಿಗೆ ಮನೇಲಿ ಇದ್ದೀವಿ. ಹೋದ ವರ್ಷ ಅಪ್ರೈಸಲ್‌ನಲ್ಲಿ ನಮ್ಮ ಟೀಮಿಗೆ ಇದ್ದಿದ್ದು ಒಂದೇ ಒಂದು ಟಾಪ್ ರೇಟಿಂಗ್. ಅದನ್ನ ಅವನು ಇನ್ನೊಬ್ಬ ಸಹೋದ್ಯೋಗಿಗೆ ಕೊಟ್ಟ. ಆಕೆಯ ಕೆಲಸ ನಿಜಕ್ಕೂ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ವಿಷಯ ಗೊತ್ತಾಗಿದ್ದು ಕಂಪನಿಯ ಮೇಲ್‌ನಿಂದ! ಹಿಂದಿನ ರಾತ್ರಿ ಇಬ್ಬರೂ ಒಂದೇ ಕುಕ್ಕರಿನ ಅನ್ನ ಉಂಡಿದ್ವಿ. ಕೇಳಿದ್ರೆ, "ಲೇ, ನಿಂಗೆ ಹೆಂಗ್ ಹೇಳ್ಲಿ ಅಂತಾನೇ ಗೊತ್ತಾಗ್ಲಿಲ್ಲೋ" ಅಂದ. ರೇಟಿಂಗ್‌ಗಿಂತ ಆ ಮೌನ ಜಾಸ್ತಿ ನೋಯಿಸ್ತು. ಬೇರೆ ಯಾರೇ ಆಗಿದ್ರೂ ಹತ್ತು ನಿಮಿಷ ಕೂರಿಸಿಕೊಂಡು ಕಾರಣ ಹೇಳಿರೋನು. ಗೆಳೆಯ ಅನ್ನೋ ಕಾರಣಕ್ಕೇ ನನಗೆ ಅದು ಸಿಗಲಿಲ್ಲ...

ಈ ವಿಷಯದಲ್ಲಿ ನಮ್ಮೂರಿನ ಅಡಿಕೆ ಖೇಣಿಯವರು ನಮ್ಮಂಥ ಇಂಜಿನಿಯರುಗಳಿಗಿಂತ ಬುದ್ಧಿವಂತರು. ಇಬ್ಬರು ದೋಸ್ತರು ಸೇರಿ ತೋಟಗಳ ಫಸಲು ಹಿಡೀತಾರೆ. ಒಬ್ಬ ಕೊಯ್ಲು ನೋಡ್ಕೊಂಡ್ರೆ ಇನ್ನೊಬ್ಬ ಸುಲಿಸೋದು, ಬೇಯಿಸೋದು, ಒಣಗಿಸೋದು ನೋಡ್ಕೋತಾನೆ. ಮುಂಗಡ ಎಷ್ಟು, ಕೂಲಿ ಎಷ್ಟು, ತೂಕ ಎಷ್ಟು ಎಲ್ಲಾ ಪುಸ್ತಕಕ್ಕೆ ಏರುತ್ತೆ. ಬರೆದಿಟ್ಟ ಅಂತ ಯಾರೂ "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನಲ್ಲ. ಜಗಳೂರು ಕಡೆಯ ಬೆದ್ದಲು ಹೊಲಗಳ ಮುಯ್ಯಾಳಿನ ಪದ್ಧತಿಯೂ ಹಾಗೇ. ಇವತ್ತು ನಿನ್ನ ಹೊಲಕ್ಕೆ ನಾನು ಬಂದ್ರೆ ನಾಳೆ ನನ್ನ ಹೊಲಕ್ಕೆ ನೀನು. ಎಷ್ಟೇ ಆಪ್ತರಾದ್ರೂ ದಿನದ ಲೆಕ್ಕ ತಪ್ಪಲ್ಲ.

ಹಾಗಂತ ತಪ್ಪೆಲ್ಲಾ ಲೀಡ್ ಆದವನದ್ದೇ ಅಂತ ನಾನು ಹೇಳ್ತಿಲ್ಲ. ಹುದ್ದೇಲಿರೋ ಗೆಳೆಯನಿಂದ ಗೆಳೆತನದ ಪುರಾವೆ ಕೇಳೋದೂ ಅಷ್ಟೇ ಕೆಟ್ಟದ್ದು. ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರನ್ನೇ ನೋಡಿ. ರಾಮಕೃಷ್ಣ ಹೆಗಡೆಯವರಿಗೆ ಆಪ್ತರು, ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದವರು. 1996ರಲ್ಲಿ ಪಟೇಲರು ಮುಖ್ಯಮಂತ್ರಿಯಾದ್ರು. ಅದೇ ವರ್ಷ ಜನತಾದಳ ಹೆಗಡೆಯವರನ್ನ ಪಕ್ಷದಿಂದ ಹೊರಹಾಕ್ತು. ಪಟೇಲರು ಕುರ್ಚಿ ಬಿಟ್ಟು ಹಿಂದೆ ಹೋಗಲಿಲ್ಲ, ಸರ್ಕಾರ ನಡೆಸಿದ್ರು. 1999ರಲ್ಲಿ ಪಕ್ಷ ಒಡೆದಾಗ ಹೆಗಡೆಯವರ ಜೊತೆಗೇ ನಿಂತ್ರು. ಅದರ ರಾಜಕೀಯ ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ನನಗೆ ಕಾಣೋದು ಇಷ್ಟೇ: 1996ರಲ್ಲೇ ಲೆಕ್ಕ ಚುಕ್ತಾ ಮಾಡಿಕೊಂಡಿದ್ರೆ 1999 ಇರ್ತಿರಲಿಲ್ಲ.

ಟೀಮ್ ಬದಲಾಯಿಸ್ಕೋ ಅಂತ ಸುಮಾರು ಜನ ಸಲಹೆ ಕೊಟ್ರು. ಬೇಡ ಅಂದೆ. ನನ್ನ ಕೋಡ್‌ನಲ್ಲಿರೋ ಹುಳುಕನ್ನ ಮುಲಾಜಿಲ್ಲದೆ ತೋರಿಸೋಷ್ಟು ನನ್ನನ್ನ ಬಲ್ಲವನು ಅವನೊಬ್ಬನೇ. ಈಗ ನಮ್ಮಿಬ್ಬರಲ್ಲಿ ಒಂದು ಕರಾರು ಇದೆ. ಕೆಲಸದ ಕೆಟ್ಟ ಸುದ್ದಿ ಏನೇ ಇರ್ಲಿ, ಮೇಲ್ ಬರೋಕೆ ಮುಂಚೆ ಎದುರಿಗೆ ಕೂತು ಹೇಳ್ಬೇಕು, ಅದೂ ಆಫೀಸಿನಲ್ಲೇ. ಮನೆಗೆ ಬಂದ್ಮೇಲೆ ಅಡುಗೆ ಯಾರದು ಅನ್ನೋದಷ್ಟೇ ಜಗಳ :)

2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯ್ತು. ಕಚೇರಿ ಬೇರೆ, ಕಡತ ಬೇರೆ ಆದ್ವು. ನೆಂಟಸ್ತಿಕೆ ಬೇರೆಯಾಗ್ಲಿಲ್ಲ, ಬಸ್ಸೂ ನಿಲ್ಲಲಿಲ್ಲ. ಗೆಳೆತನ ಮತ್ತು ಕೆಲಸದ ನಡುವಿನ ಗಡಿಯೂ ಅಷ್ಟೇ ಇದ್ರೆ ಸಾಕು.

ನಿಮಗೇನನ್ಸುತ್ತೆ?