ಆರ್ಡರ್ ತರುವವರೋ, ಹಣ ತರುವವರೋ?

ನಿಮ್ಮ ಅಡುಗೆ ಕೋಣೆಯಲ್ಲಿ ಆರಂಭವಾದ ಮಸಾಲೆ ಪುಡಿಯ ಕೆಲಸ ಬೆಳೆದಿದೆ ಎಂದಿಟ್ಟುಕೊಳ್ಳಿ. ಎರಡು ಹೋಟೆಲು, ಒಂದು ಆಸ್ಪತ್ರೆಯ ಕ್ಯಾಂಟೀನು, ಒಂದು ಹಾಸ್ಟೆಲು. ಮಾಲಿನ ಬಹುಪಾಲು ಕೊಳ್ಳುವವರು ಈ ನಾಲ್ವರೇ. ಇಂತಹ ದೊಡ್ಡ ಗಿರಾಕಿಗಳನ್ನು ನೋಡಿಕೊಳ್ಳುವವರನ್ನು ಕಂಪೆನಿಗಳು ‘ಕೀ ಅಕೌಂಟ್ ಮ್ಯಾನೇಜರ್’ ಎನ್ನುತ್ತವೆ. ಈಗ ನಿಮಗೂ ಅಂಥವರೊಬ್ಬರು ಬೇಕಾಗಿದ್ದಾರೆ. ಆಗ ನಾವು ಹುಡುಕುವುದು ಚೆನ್ನಾಗಿ ಮಾತನಾಡುವವರನ್ನು. ಎಡವುವುದೂ ಅಲ್ಲಿಯೇ.

ದೊಡ್ಡ ಹೋಟೆಲಿನಲ್ಲಿ ರುಚಿ ಒಪ್ಪುವುದು ಬಾಣಸಿಗ, ದರ ಇಳಿಸುವುದು ಖರೀದಿ ಅಧಿಕಾರಿ, ಹಣ ಕೊಡುವುದು ಲೆಕ್ಕಪತ್ರ ವಿಭಾಗ. ನಗುತ್ತಾ ಮಾತನಾಡಿ ಆರ್ಡರ್ ತರುವವರು ಹಲವರಿದ್ದಾರೆ. ಬೇಸರಿಸದೆ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಬಾಕಿ ತರುವವರು ಕಡಿಮೆ. ಆ ಬಾಕಿ ಬಾರದಿದ್ದರೆ ತಿಂಗಳ ಕೊನೆಗೆ ಬರಿಗೈಯಲ್ಲಿ ಮನೆಗೆ ಹೋಗುವವರು ನಿಮ್ಮಲ್ಲಿ ಮೆಣಸು ಹುರಿಯುವ ಹೆಣ್ಣು ಮಕ್ಕಳು.

ಆದ್ದರಿಂದ ಸಂದರ್ಶನದಲ್ಲಿ ಒಂದು ಲೆಕ್ಕ ಕೊಡಿ. ಕಿಲೋಗೆ ದರ 300 ರೂಪಾಯಿ, ಖರ್ಚು 240. ಗಿರಾಕಿ ಶೇ. 10 ರಿಯಾಯಿತಿ ಕೇಳಿದರೆ? ಲಾಭ 60ರಿಂದ 30ಕ್ಕೆ ಇಳಿಯುತ್ತದೆ. ಅಷ್ಟೇ ಲಾಭಕ್ಕೆ ಎರಡು ಪಟ್ಟು ಮಾಲು ಮಾರಬೇಕು! ಇದನ್ನು ಕಂಡುಕೊಂಡು, “ಬದಲಿಗೆ ನಗದು ಪಾವತಿ ಕೇಳುತ್ತೇನೆ” ಎನ್ನುವವರನ್ನು ಬಿಡಬೇಡಿ. ವಾರಕ್ಕೆ ನೂರು ಕಿಲೋ ಮಾಡುವಲ್ಲಿ ಇನ್ನೂರು ಕೇಳಿದರೆ, “ಮೊದಲು ಅಡುಗೆ ಮನೆಯಲ್ಲಿ ವಿಚಾರಿಸುತ್ತೇನೆ” ಎನ್ನುವವರನ್ನೂ.

ಕಾನೂನು ತಿಳಿದಿದೆಯೇ ಎಂದೂ ಕೇಳಿ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ, ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ. ನಿಮ್ಮ ಉದ್ದಿಮೆಯ ಉದ್ಯಮ್ ನೋಂದಣಿ ಆಗಿಲ್ಲವೇ? ಮೊದಲು ಅದನ್ನು ಮಾಡಿಸಿ.

ಸಂಬಳದ ಜೊತೆ ಪ್ರೋತ್ಸಾಹ ಧನ ಕೊಡುವುದಾದರೆ ಬಂದ ಆರ್ಡರಿಗಲ್ಲ, ಕೈಸೇರಿದ ಹಣಕ್ಕೆ ಕೊಡಿ. ಅದನ್ನು ನೇಮಕದ ಪತ್ರದಲ್ಲೇ ಬರೆಯಿರಿ.

ಕೊನೆಗೊಂದು ಮಾತು. “ಹೋಟೆಲುಗಳಿಗೆ ಅಲೆಯುವ ಕೆಲಸ, ಹೆಣ್ಣಿಗೆ ಆಗದು” ಎಂದು ಅರ್ಜಿ ಬದಿಗಿಡಬೇಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಕೆಲಸದ ಸಲುವಾಗಿ ಅವಳು ಹೋಗುವ ಜಾಗವನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವಲ್ಲಿ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಕೆಲಸಕ್ಕೆ ಸೇರುವ ದಿನವೇ ಅವಳಿಗೆ ಇದನ್ನು ತಿಳಿಸಿ. ಮನೆಯ ಖರ್ಚನ್ನು ಪೈಸೆ ಪೈಸೆ ಲೆಕ್ಕವಿಟ್ಟು ತೂಗಿಸಿದವಳಿಗೆ ಬಾಕಿ ವಸೂಲಿಯ ಲೆಕ್ಕ ನಾವು ಕಲಿಸಬೇಕಾಗಿಲ್ಲ.